ಸೋದರಮಾವನ ಕೆನ್ನೆ

ಮಾನ್ವಿ ಬಸ್ ನಿಲ್ದಾಣದಲ್ಲಿ ಇಳಿದ ಮಹಾಂತಯ್ಯನಿಗೆ ಮೊದಲು ಕಂಡದ್ದು ಭಾವನ ಮುಖ, ಅದೂ ಬ್ಯಾನರಿನಲ್ಲಿ. ಮಗಳ ಮದುವೆಗೆ ಸುಸ್ವಾಗತ ಎಂದು ಬರೆಸಿದ್ದ ಆ ಬ್ಯಾನರಿನಲ್ಲಿ ಮಗಳು ಹೆಬ್ಬೆರಳಿನಷ್ಟಿದ್ದಳು, ಮದುಮಗ ಕಿರುಬೆರಳಿನಷ್ಟಿದ್ದ, ಅಕ್ಕಿ ಗಿರಣಿಯ ಮಾಲೀಕ ಚೆನ್ನಬಸಯ್ಯ ಮಾತ್ರ ಎಮ್ಮೆಯಷ್ಟು ದೊಡ್ಡದಾಗಿ ಕೈ ಮುಗಿದು ನಿಂತಿದ್ದ. ಆ ಮನುಷ್ಯ ಜೀವಮಾನದಲ್ಲಿ ಕೈ ಮುಗಿದದ್ದು ತಪಾಸಣೆಗೆ ಬಂದ ಅಧಿಕಾರಿಗೆ ಮತ್ತು ಫೋಟೋ ತೆಗೆಯುವವನಿಗೆ. ಮಹಾಂತಯ್ಯ ಬಾಯಲ್ಲಿದ್ದ ಅಡಿಕೆಯನ್ನು ಬ್ಯಾನರಿನ ಕಂಬದ ಬುಡಕ್ಕೆ ಉಗಿದು ಗಿರಣಿಯ ದಾರಿ ಹಿಡಿದ.

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ ಅವನದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ನೀರೆತ್ತುವಂತೆ ಮಾಡುವುದು ಕೆಲಸ. ಮನುಷ್ಯರಿಗಿಂತ ಮೋಟರು ವಾಸಿ ಎನ್ನುವುದು ಅವನ ಅಭಿಪ್ರಾಯ. ಸುಟ್ಟರೆ ಮೋಟರು ವಾಸನೆ ಬಿಡುತ್ತದೆ. ಮನುಷ್ಯರು ಅತ್ತರು ಹಚ್ಚಿಕೊಂಡು ಬರುತ್ತಾರೆ.

ಮಹಾಂತಯ್ಯನಿಗೆ ಎಚ್‌ಐವಿ ಇದೆ. ಗೊತ್ತಾಗಿ ಹತ್ತು ವರ್ಷದ ಮೇಲಾಯಿತು. ಎಲ್ಲಿಂದ ಬಂತು, ಯಾರಿಂದ ಬಂತು ಎಂಬುದನ್ನು ಅವನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕೇಳುವವರು ಔಷಧಿ ತಂದುಕೊಡುವುದಕ್ಕೆ ಕೇಳುವುದಿಲ್ಲ, ಕಟ್ಟೆಯ ಮೇಲೆ ಕೂತು ಮಾತಾಡುವುದಕ್ಕೆ ಕೇಳುತ್ತಾರೆ. ಹೆಂಡತಿ ಅದಕ್ಕಿಂತ ಮೊದಲೇ ಬಿಟ್ಟು ಹೋಗಿದ್ದಳು, ಅವನ ಬಾಯಿಯ ಕಾರಣಕ್ಕೆ, ರಕ್ತದ ಕಾರಣಕ್ಕಲ್ಲ. ರಾಯಚೂರಿನ ಎ.ಆರ್.ಟಿ. ಕೇಂದ್ರದಿಂದ ತಪ್ಪದೆ ಗುಳಿಗೆ ತಂದು ನುಂಗುತ್ತಾನೆ. ಈಗ ಅವನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆ. ಈ ಸಂಗತಿ ಕುಟುಂಬದಲ್ಲಿ ಗೊತ್ತಿದ್ದದ್ದು ಅಕ್ಕ ಸೂಗಮ್ಮ ಒಬ್ಬಳಿಗೇ.

ಅವನನ್ನು ಮಾನ್ವಿಗೆ ಎಳೆದು ತಂದದ್ದು ಸೂಗಮ್ಮನ ಕೊನೆಯ ಮಗಳು ವಿಜಯಶ್ರೀಯ ಮದುವೆ. ಹುಡುಗ ದೇವದುರ್ಗದವನು. ನಾಳೆ ಮದುವೆ, ಇವತ್ತು ಗುಗ್ಗಳ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಗುಗ್ಗಳವಿಲ್ಲದೆ ಮದುವೆಯಿಲ್ಲ. ಕೆಂಡದ ಕೊಡ ಹೊತ್ತು, ಸಂಬಾಳ ಬಾರಿಸಿಕೊಂಡು ಮೆರವಣಿಗೆ ಹೊರಡುತ್ತದೆ. ಪುರವಂತರು ಕತ್ತಿ ಹಿಡಿದು ಕುಣಿಯುತ್ತಾರೆ. ಮನೆಯ ಗಂಡಸರು ಒಬ್ಬೊಬ್ಬರಾಗಿ ಮಂಡಿಯೂರಿ ಕೂತು ಕೆನ್ನೆಗೆ ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಶಸ್ತ್ರವೆಂದರೆ ದಬ್ಬಣಕ್ಕಿಂತ ಉದ್ದನೆಯ ಕಬ್ಬಿಣದ ಕಡ್ಡಿ. ಈ ಕೆನ್ನೆಯಿಂದ ಹೊಕ್ಕು ಆ ಕೆನ್ನೆಯಿಂದ ಹೊರಬರಬೇಕು. ತೆಗೆದ ಮೇಲೆ ತೂತಿಗೆ ವಿಭೂತಿ ಒತ್ತುತ್ತಾರೆ. ಚೆನ್ನಬಸಯ್ಯನ ಮನೆತನದಲ್ಲಿ ಮೊದಲ ಶಸ್ತ್ರ ಹುಡುಗಿಯ ಸೋದರಮಾವನಿಗೆ. ಆಮೇಲೆ ಅದೇ ಕಡ್ಡಿ ಅಣ್ಣನಿಗೆ, ದೊಡ್ಡಪ್ಪನಿಗೆ, ಕಾಕಾಗಳಿಗೆ. ಬೇರೆ ಕಡ್ಡಿ ತರುವಂತಿಲ್ಲ, ಅದು ಅಜ್ಜನ ಕಾಲದ್ದು.

ಹಿರಿಯ ಸೋದರಸೊಸೆಯ ಮದುವೆಯಲ್ಲಿ ಕಾಮಾಲೆಯ ನೆವ ಹೇಳಿ ಮಹಾಂತಯ್ಯ ರಾಯಚೂರಿನಲ್ಲೇ ಉಳಿದಿದ್ದ. ಈ ಸಲ ಚೆನ್ನಬಸಯ್ಯ ಕಾರಿನಲ್ಲಿ ಅಂಗಡಿಗೇ ಬಂದು, ನಾಲ್ಕು ಜನ ಗಿರಾಕಿಗಳ ಎದುರು, ‘ಬರ್ಲಿಲ್ಲಂದ್ರ ನಿನ್ನ ಅಕ್ಕನ್ನ ನಿನ್ನ ಮನಿಗೆ ಕಳಸ್ತೀನಿ ನೋಡು’ ಎಂದು ನಗುತ್ತಾ ಹೇಳಿ ಹೋಗಿದ್ದ. ನಗುತ್ತಾ ಹೇಳಿದ್ದನ್ನು ಆ ಮನುಷ್ಯ ಮಾಡಿಯೇ ತೀರುತ್ತಾನೆ.

ಅದಾದ ಮೇಲೆ ಗುಳಿಗೆಗೆಂದು ಹೋದಾಗ ಮಹಾಂತಯ್ಯ ಈ ಶಸ್ತ್ರದ ಸುದ್ದಿಯನ್ನು ಡಾಕ್ಟರ್ ನಾಹಿದ್ ಅವರ ಮುಂದೆ ಹೇಳಿದ್ದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದ್ದರು:

‘ಧನುರ್ವಾಯುದ ಸೂಜಿ, ಟಿಟಿ, ಯಾವಾಗ ಹಾಕಿಸ್ಕೊಂಡೀರಿ?’

‘ಗುಳಿಗಿ ಶುರು ಮಾಡಿದಾಗ ಹಾಕಿದ್ರಲ್ರೀ. ಅದಕ್ಕೂ ಮೊದಲ ಎಷ್ಟೋ ಸಲ. ನನ್ನ ತೋಳು ಜರಡಿ ಆಗ್ಯಾದ.’

‘ಗುಳಿಗಿ ಶುರು ಮಾಡಿದಾಗ ನಿಮ್ಮ ಮೈಯಾಗ ಶಕ್ತಿನ ಇರಲಿಲ್ಲ. ಟಿಟಿ ಹಾಕೋದಂದ್ರ ಮೈಗೆ ಪಾಠ ಹೇಳಿದಂಗ. ಹುಡುಗ ಜ್ವರದಾಗ ಮಲಗಿದ್ದಾಗ ಪಾಠ ಹೇಳಿದ್ರ ಅವನಿಗೇನು ನೆನಪಿರ್ತದ? ಎಚ್‌ಐವಿ ಇದ್ದವರಿಗೆ ಅದು ಕಡಿಮಿ ಹಿಡೀತದ, ಹಿಡಿದದ್ದೂ ಲಗೂನ ಇಳೀತದ. ಈಗ ನಿಮ್ಮ ಮೈ ಸುಧಾರಿಸ್ಯಾದ. ಈಗೊಂದು ಹಾಕಿಸ್ಕೊಳ್ರಿ, ತಿಂಗಳು ಬಿಟ್ಟು ಇನ್ನೊಂದು.’

‘ಎರಡೂ ಹಾಕಿಸ್ಕೊಂಡ್ರ ಆ ಕಡ್ಡಿ ಚುಚ್ಚಿಸ್ಕೋಬಹುದೇನ್ರಿ?’

‘ಚುಚ್ಚಿಸ್ಕೊಳ್ಳಾಕ ಅಂತ ಹೇಳಾಕತ್ತಿಲ್ರೀ ನಾನು. ಅಂಗಡ್ಯಾಗ ತಂತಿ ತಾಗೋದು ಬ್ಯಾರೆ, ತಿಳಿದು ತಿಳಿದು ಸಗಣಿ ಬೂದಿ ಹಚ್ಚಿದ ಕಬ್ಬಿಣ ಗಲ್ಲದಾಗ ಹಾಕ್ಕೊಳ್ಳೋದು ಬ್ಯಾರೆ. ಅಂಥಾ ಹೊಲಸು ಗಾಯ ಆದ್ರ ನಿಮಗ ಬರೇ ಟಿಟಿ ಸಾಲಂಗಿಲ್ಲ. ರೋಗದ ವಿಷಾನ ನೇರ ತಡಿಯೋ ಇನ್ನೊಂದು ಸೂಜಿ ಬೇಕು, ಅದು ಎಲ್ಲಾ ಕಡೆ ಸಿಗಂಗಿಲ್ಲ. ಧನುರ್ವಾಯು ಬಂದವರನ್ನ ನೋಡೀರೇನು?’

ನೋಡಿದ್ದ. ಗುಂಜಹಳ್ಳಿಯ ಒಂದು ತೋಟಕ್ಕೆ ಪಂಪು ಇಳಿಸಲು ಹೋಗಿದ್ದಾಗ ಕೊಟ್ಟಿಗೆಯ ಪಕ್ಕದ ಮಂಚದಲ್ಲಿ ಒಬ್ಬ ಮಲಗಿದ್ದ. ಕಾಲಿಗೆ ಜಾಲಿ ಮುಳ್ಳು ಮುರಿದಿತ್ತಂತೆ. ದವಡೆ ಕಚ್ಚಿಕೊಂಡಿತ್ತು, ನೀರೂ ಇಳಿಯುತ್ತಿರಲಿಲ್ಲ. ಮಹಾಂತಯ್ಯ ಮೋಟರು ಚಾಲೂ ಮಾಡಿದ ಸದ್ದಿಗೆ ಆ ಮನುಷ್ಯನ ಬೆನ್ನು ಬಿಲ್ಲಿನಂತೆ ಎದ್ದು, ತಲೆ ಮತ್ತು ಹಿಮ್ಮಡಿ ಮಾತ್ರ ಮಂಚಕ್ಕೆ ತಾಗಿ ನಿಂತಿತ್ತು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಆ ಕಣ್ಣು ನೆನಪಾಗಿಯೇ ಮಹಾಂತಯ್ಯ ಅವತ್ತೇ ಮೊದಲ ಸೂಜಿ ಹಾಕಿಸಿಕೊಂಡ. ಎರಡನೆಯದರ ಗಡುವು ಸರಿಯಾಗಿ ಮದುವೆಯ ಹೊತ್ತಿಗೇ ಬಂದು ಕೂತಿತ್ತು.

ಗಿರಣಿಯ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಸೂಗಮ್ಮ ತಮ್ಮನನ್ನು ನೋಡಿದವಳೇ ಕೈ ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗೆ ಸಕ್ಕರೆ ಮೂಟೆ, ಎಣ್ಣೆ ಡಬ್ಬಿ, ಹೋಳಿಗೆಯ ಬುಟ್ಟಿಗಳು.

‘ಎಷ್ಟೊತ್ತಿನ ಕೆಲಸ ಅದು? ಕಣ್ಣು ಮುಚ್ಚಿ ತಗಿಯೋದ್ರಾಗ ಮುಗೀತದ. ಚುಚ್ಚಿಸ್ಕೊಂಡ್ಬಿಡು ನನ್ನಪ್ಪಾ. ಮಂದಿ ಎದಕ ಒಲ್ಲಿ ಅಂತ ಕೇಳಿದ್ರ ನಾನೇನು ಹೇಳ್ಲಿ? ಬೀಗರು ಬಂದು ಕುಂತಾರ.’

‘ನಂದಾದಮ್ಯಾಲ ಯಾರಿಗೆ ಹಾಕ್ತಾರ?’

‘ಬಸವಲಿಂಗಗ.’

‘ಅದೇ ಕಬ್ಬಿಣ?’

‘ನಡುವ ವಿಭೂತಿ ಹಚ್ಚಿ ಒರಸ್ತಾರಲ್ಲೋ.’

ಮಹಾಂತಯ್ಯ ಅಕ್ಕನನ್ನು, ಸುತ್ತಲು ಬಾರದಷ್ಟು ಸುಟ್ಟುಹೋದ ಮೋಟರನ್ನು ನೋಡುವಂತೆ ನೋಡಿದ. ಬಸವಲಿಂಗ ಅವಳ ಒಬ್ಬನೇ ಮಗ. ಅವನಿಗೆ ಶೀತವಾದರೆ ಊರಿನ ಡಾಕ್ಟರುಗಳ ಮನೆ ಬಾಗಿಲು ಬಡಿಯುತ್ತಿದ್ದವಳು ಇವಳು.

‘ಅಲ್ಲಬೇ ಯಕ್ಕಾ, ಅವನು ನೀನು ಹಡದ ಮಗ ಹೌದಿಲ್ಲೋ?’

‘ನಿನ್ನ ರಿಪೋರ್ಟಿನಾಗ ಏನೂ ಕಾಣಂಗಿಲ್ಲ ಅಂತ ನೀನ ಹೇಳಿದ್ದೆಲ್ಲ.’

‘ಕಾಣಂಗಿಲ್ಲ ಅಂದಾರ. ತಗದು ಮಂದಿ ಬಾಯಾಗ ಇಡು ಅಂದಿಲ್ಲ. ಇನ್ನ ನನ್ನ ಗತಿ? ದವಡಿ ಕಚ್ಕೊಂಡು ಬಿಲ್ಲಿನಂಗ ಬಾಗಿ ಸತ್ರ ನಿನ್ನ ಬೀಗರು ಬಂದು ನೆಟ್ಟಗ ಮಾಡ್ತಾರೇನು?’

‘ಹಂಗೆಲ್ಲ ದೇವರ ಕಬ್ಬಿಣದಿಂದ ಆಗಂಗಿಲ್ಲ.’

ಅದಕ್ಕೆ ಮಾತಾಡಿ ಪ್ರಯೋಜನವಿರಲಿಲ್ಲ. ಅವಳ ಹೆದರಿಕೆ ಕಬ್ಬಿಣದ್ದಲ್ಲ, ತಮ್ಮನ ಸಾವಿನದ್ದೂ ಅಲ್ಲ, ಹೊರಗೆ ಚಪ್ಪರದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ದೇವದುರ್ಗದ ಬೀಗ ಅಮರಯ್ಯನದು.

ಆದರೂ ಮಹಾಂತಯ್ಯ ಸುಮ್ಮನೆ ಕೂಗಾಡಲು ಬಂದವನಲ್ಲ. ಗುಟ್ಟೂ ಉಳಿಯಲಿ, ಕೆನ್ನೆಯೂ ಉಳಿಯಲಿ ಎಂದು ಮೊದಲು ಪುರವಂತರ ಅಡಿವೆಯ್ಯನ ಬಳಿ ಹೋದ. ಅಡಿವೆಯ್ಯ ಎಪ್ಪತ್ತು ದಾಟಿದ ಮುದುಕ. ಎರಡೂ ಕೆನ್ನೆಯಲ್ಲಿ ಹಳೆಯ ಶಸ್ತ್ರಗಳ ಗುಳಿ ಬಿದ್ದಿತ್ತು. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ.

‘ಯಪ್ಪಾ, ಒಬ್ಬೊಬ್ಬರಿಗೆ ಹಾಕೋಕಿಂತ ಮೊದಲ ಇದನ್ನ ಕುದಿಯೋ ನೀರಾಗ ಹಾಕಿ ತಗದ್ರ ಹೆಂಗ?’

‘ದೇವರನ್ನ ಕುದಸಂತೀರೇನು?’

‘ಹಂಗಾದ್ರ ಹೊಸಾದು ಒಂದೊಂದು ಮಾಡಸೂಣು. ರೊಕ್ಕ ನಾನು ಕೊಡ್ತೀನಿ.’

‘ನಾನು ಕಬ್ಬಿಣ ಚುಚ್ಚಾಂವ ಅಲ್ರೀ, ಶಸ್ತ್ರ ಹಾಕಾಂವ. ಕಬ್ಬಿಣ ಬೇಕಂದ್ರ ವೆಲ್ಡಿಂಗ್ ಅಂಗಡಿಗೆ ಹೋಗ್ರಿ.’

ಅಡಿವೆಯ್ಯ ಚಹಾದ ಲೋಟ ಕೆಳಗಿಟ್ಟು ಮುಖ ತಿರುಗಿಸಿದ. ಅವನಿಗಾದರೂ ತಾನು ಹೇಳುವುದರಲ್ಲಿ ನಂಬಿಕೆಯಿತ್ತು. ಉಳಿದವರಿಗೆ ನಂಬಿಕೆಗಿಂತ ಮೀಸೆ ದೊಡ್ಡದು. ಚಪ್ಪರದ ಕೆಳಗೆ ಚೆನ್ನಬಸಯ್ಯ ನೆಂಟರ ಗುಂಪಿನ ನಡುವೆ ನಿಂತು, ತಾನು ಯಾವ ಯಾವ ಮದುವೆಯಲ್ಲಿ ಕಣ್ಣು ಮಿಟುಕಿಸದೆ ಶಸ್ತ್ರ ಹಾಕಿಸಿಕೊಂಡೆ ಎಂದು ಬಣ್ಣಿಸುತ್ತಿದ್ದ. ಸುತ್ತಲಿದ್ದವರು ಹೂಂಗುಟ್ಟುತ್ತಾ ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು, ಬೊಗಳೆ ಬಿಡಲು.

‘ಭಾವ, ನನಗ ಶುಗರ್ ಅದ. ಗಾಯ ಮಾಯಂಗಿಲ್ಲ. ನನ್ನ ಬಿಟ್ಟು ಮಾಡ್ಕೊಳ್ರಿ’ ಎಂದ ಮಹಾಂತಯ್ಯ.

‘ನನಗ ಮುನ್ನೂರರ ಮ್ಯಾಲ ಅದಲೇ. ನಾನೇನು ಮನ್ಯಾಗ ಕುಂತೀನೇನು? ಶಸ್ತ್ರ ಹಾಕ್ಕೊಂಡು ಮ್ಯಾಲ ಎರಡು ಹೋಳಿಗಿ ಬಡೀತೀನಿ.’

‘ಟಿಟಿನೂ ಪೂರಾ ಆಗಿಲ್ಲ. ಇನ್ನೊಂದು ಹಾಕಿಸ್ಕೊಳ್ಳೋದು ಅದ.’

ಗುಂಪು ನಕ್ಕಿತು. ಚೆನ್ನಬಸಯ್ಯ ಅಮರಯ್ಯನ ಕಡೆ ತಿರುಗಿ, ಕೇಳಿಸಲಿ ಎಂದೇ ಹೇಳಿದ:

‘ಕೇಳಿದ್ರೇನ್ರಿ ಬೀಗರ? ವೀರಭದ್ರದೇವರ ಶಸ್ತ್ರಕ್ಕ ಟಿಟಿ ಕೇಳಿದ ಮೊದಲ ಗಂಡಸು ನಮ್ಮ ಹೆಂಡ್ತಿ ತಮ್ಮ. ರಾಯಚೂರು ಗಾಳಿ ನೋಡ್ರಿ. ದೇವರು ಮುಟ್ಟಿದ್ದರಿಂದ ರೋಗ ಬರ್ತದೇನಲೇ ಹುಚ್ಚ? ಇಲ್ಲಿ ನಿಂತವರಾಗ ಯಾರಿಗಾದ್ರೂ ಬಂದದೇನು ಕೇಳು.’

ಯಾರಿಗೂ ಬಂದಿರಲಿಲ್ಲ. ಎಲ್ಲರೂ ಎದೆ ತಟ್ಟಿಕೊಂಡರು. ಒಬ್ಬನಂತೂ ಕೆನ್ನೆಯ ಕಲೆ ತೋರಿಸಿದ. ಮಹಾಂತಯ್ಯನಿಗೆ ಚೆನ್ನಾಗಿ ಗೊತ್ತಿತ್ತು, ಅದು ಮೊಡವೆಯ ಕಲೆ.

ಬಿಸಿಲೇರುವ ಹೊತ್ತಿಗೆ ಗುಗ್ಗಳ ಹೊರಟಿತು. ಕೆಂಡದ ಕೊಡಕ್ಕೆ ಲೋಬಾನ ಬಿದ್ದು ಹೊಗೆ ಎದ್ದಿತು, ಸಂಬಾಳ ಗುಡುಗಿತು. ಓಣಿಯ ಮಂದಿ ಮಾಳಿಗೆ ಹತ್ತಿ ನಿಂತರು. ಗಿರಣಿಯ ಗೇಟಿನ ಮುಂದೆ ಮೆರವಣಿಗೆ ನಿಂತು, ನೆಲಕ್ಕೆ ಕಂಬಳಿ ಹಾಸಿ, ಸೋದರಮಾವ ಬರಲಿ ಎಂದು ಕೂಗು ಹಾಕಿದರು. ಇಬ್ಬರು ಬಂದು ಮಹಾಂತಯ್ಯನ ರಟ್ಟೆ ಹಿಡಿದರು. ಅವನು ಕೊಡವಿಕೊಂಡು ತಾನೇ ಹೋಗಿ ಮಂಡಿಯೂರಿದ. ಎದುರಿಗೆ ಬಸವಲಿಂಗ ತನ್ನ ಸರದಿಗೆ ಸಿದ್ಧನಾಗಿ ಅಂಗಿ ಬಿಚ್ಚಿ ನಿಂತಿದ್ದ. ಹೆದರಿ ಬೆವತಿದ್ದ, ನಗುತ್ತಿದ್ದ. ಮದುಮಗಳು ಬಾಗಿಲಲ್ಲಿ ಅರಿಶಿಣದ ಮೈಯಲ್ಲಿ ನಿಂತಿದ್ದಳು.

ಅಡಿವೆಯ್ಯ ಬಟ್ಟೆ ಬಿಚ್ಚಿ ಕಡ್ಡಿ ತೆಗೆದ. ಅದರ ಮೈಯೆಲ್ಲ ಕಪ್ಪು, ತುದಿ ಮಾತ್ರ ಬೆಳ್ಳಗಿತ್ತು. ಚೀಲದಿಂದ ವಿಭೂತಿ ತೆಗೆದು ಮಹಾಂತಯ್ಯನ ಕೆನ್ನೆಗೆ ತಿಕ್ಕಿದ, ಹೆಬ್ಬೆರಳನ್ನು ಬಾಯೊಳಗೆ ಹಾಕಿ ಕೆನ್ನೆಯನ್ನು ಹೊರಗೆ ಜಗ್ಗಿ ಹಿಡಿದ. ಬಾಯಲ್ಲಿ ಬೂದಿಯ ರುಚಿ ಬಂತು. ಮಹಾಂತಯ್ಯ ಆ ಮುಂಗೈಯನ್ನು ಹಿಡಿದು ಬಾಯಿಂದ ಹೊರಗೆ ತೆಗೆದ.

‘ಬ್ಯಾಡ್ರಿ ಯಪ್ಪಾ. ನನಗ ಎಚ್‌ಐವಿ ಅದ.’

ಸಂಬಾಳದ ಗದ್ದಲದಲ್ಲಿ ಅಡಿವೆಯ್ಯನಿಗೆ ಕೇಳಿಸಲಿಲ್ಲ. ‘ಆಂ?’ ಎಂದು ಬಗ್ಗಿದ. ಮಹಾಂತಯ್ಯ ಎದ್ದು ನಿಂತ. ಕೂಗಿ ಹೇಳುವುದು ಅವನಿಗೆ ಹೊಸದಲ್ಲ. ಗಂಜಿನ ಗಲಾಟೆಯಲ್ಲಿ ಕೂಗಿ ಕೂಗಿಯೇ ಬದುಕಿದವನು.

‘ನನಗ ಎಚ್‌ಐವಿ ಅದ ಅಂದೆ. ಹತ್ತು ವರ್ಷದ ಮ್ಯಾಲಾತು. ಗುಳಿಗಿ ತಗೋತೀನಿ, ಆರಾಮ ಇದ್ದೀನಿ. ಆದ್ರ ಈ ಬೂದಿ ಹಚ್ಚಿದ ಕಬ್ಬಿಣ ನನ್ನ ಬಾಯಾಗ ಹಾಕಿದ್ರ ನನಗ ಧನುರ್ವಾಯು ಆಗೋ ಭಯ ಅದ. ನನ್ನ ಬಾಯಾಗಿನ ರಕ್ತ ಈ ಹುಡುಗನ ಬಾಯಾಗ ಹಾಕಾಕ ನನಗ ಮನಸಿಲ್ಲ. ನಿಮಗ ನಾಚಿಕಿ ಇಲ್ಲಂದ್ರ ನೀವು ಹಾಕ್ಕೊಳ್ರಿ.’

ಸಂಬಾಳ ನಿಂತಿತು. ಮಾಳಿಗೆಯ ಮೇಲೆ ಯಾರದೋ ಮೊಬೈಲು ಹಾಡುತ್ತಿತ್ತು, ಅದನ್ನೂ ಯಾರೋ ಬಾಯಿ ಮುಚ್ಚಿಸಿದರು. ಅಡಿವೆಯ್ಯ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಧೋತರಕ್ಕೆ ಒರೆಸಿದ, ಸಾಲದೆ ಗೇಟಿನ ಕಂಬಕ್ಕೆ ಒರೆಸಿದ.

ಚೆನ್ನಬಸಯ್ಯನ ಮುಖ ಮೊದಲು ಕೆಂಪಾಗಿ ಆಮೇಲೆ ಬೂದಿಯಾಯಿತು. ಆದರೂ ಯಜಮಾನನಲ್ಲವೇ, ನಗಲು ನೋಡಿದ.

‘ತಲಿ ಕೆಟ್ಟದ ಇವನಿಗೆ. ಹೋಗ್ಲಿ ಬಿಡ್ರಿ. ಕಡ್ಡಿ ಇನ್ನೂ ಯಾರಿಗೂ ಮುಟ್ಟಿಲ್ಲ. ಬರ್ರಿ, ಮುಂದಿನವರು ಬರ್ರಿ.’

ಬಸವಲಿಂಗ ಒಂದು ಹೆಜ್ಜೆ ಮುಂದಿಟ್ಟ. ಸೂಗಮ್ಮ ಹೆಂಗಸರ ಗುಂಪಿನಿಂದ ನುಗ್ಗಿ ಬಂದು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ವಿಭೂತಿ ಹಚ್ಚಿ ಒರೆಸಿದರೆ ಎಲ್ಲ ಹೋಗುತ್ತದೆ ಎಂದವಳು ಅವಳೇ. ಮಹಾಂತಯ್ಯ ಅಕ್ಕನ ಮುಖವನ್ನೇ ನೋಡಿದ. ಅವಳು ಮಗನ ಬೆನ್ನ ಹಿಂದೆ ಮುಖ ಮರೆಸಿಕೊಂಡಳು.

ದೊಡ್ಡಪ್ಪನಿಗೆ ನಿನ್ನೆಯಿಂದ ಹಲ್ಲು ನೋವಂತೆ. ಒಬ್ಬ ಕಾಕಾನಿಗೆ ಅದೇ ಹೊತ್ತಿಗೆ ಫೋನು ಬಂತು, ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡು ಹೊರಟೇ ಹೋದ. ಮೊಡವೆ ಕಲೆಯವನು ಅಷ್ಟರಲ್ಲಿ ಎಲ್ಲೂ ಕಾಣಲಿಲ್ಲ. ‘ಹಂಗಾದ್ರ ಯಜಮಾನರ ಬರ್ರಿ’ ಎಂದು ಯಾರೋ ಹಿಂದಿನಿಂದ ಅಂದರು. ಚೆನ್ನಬಸಯ್ಯ ಕೆನ್ನೆ ಮುಟ್ಟಿಕೊಂಡ.

‘ನನಗ ಶುಗರ್ ಅದಲ್ಲಪಾ’ ಎಂದ.

ದೇವರ ಕಬ್ಬಿಣ ಬೆಳಿಗ್ಗೆಯಿಂದ ಯಾರಿಗೂ ರೋಗ ತಂದಿರಲಿಲ್ಲ. ಯಾರನ್ನೂ ಮುಟ್ಟದೆಯೇ ಈಗ ಇಡೀ ಮನೆತನವನ್ನು ರೋಗಿಷ್ಟ ಮಾಡಿತ್ತು.

ಗುಗ್ಗಳ ಹಾಗೆ ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಕೊನೆಗೆ ಅಡಿವೆಯ್ಯ ಕಂಬಳಿಯ ಮೇಲೆ ತಾನೇ ಮಂಡಿಯೂರಿ, ಕಡ್ಡಿಯನ್ನು ತನ್ನ ಕೆನ್ನೆಗೆ ತಾನೇ ಹಾಕಿಕೊಂಡ. ನಡುಗದ ಕೈ. ಈ ಕಡೆ ಹೊಕ್ಕು ಆ ಕಡೆ ಬಂತು. ಮಂದಿ ‘ಹರಹರ’ ಎಂದರು, ತಾವೇ ಚುಚ್ಚಿಸಿಕೊಂಡಷ್ಟು ಜೋರಾಗಿ. ಆ ಅಂಗಳದಲ್ಲಿ ಮಹಾಂತಯ್ಯ ಮನಸ್ಸಿನಲ್ಲಿ ಬೈಯದೆ ಬಿಟ್ಟದ್ದು ಆ ಮುದುಕನೊಬ್ಬನನ್ನೇ.

ಊಟದ ಹೊತ್ತಿಗೆ ಅವನು ಅಡಿವೆಯ್ಯನ ಬಳಿ ಹೋಗಿ ನಿಂತ.

‘ಯಪ್ಪಾ, ನಾನು ದವಾಖಾನಿಗೆ ಹೊಂಟೀನಿ, ನನ್ನ ಸೂಜಿ ಹಾಕಿಸ್ಕೊಳ್ಳಾಕ. ನಿಮಗೂ ಒಂದು ಹಾಕಸ್ತೀನಿ ಬರ್ರಿ. ಯಾವಾಗ ಹಾಕಿಸ್ಕೊಂಡಿದ್ರಿ?’

‘ನಾನೇನು ಬಸುರಿ ಹೆಂಗಸೇನ್ರಿ?’ ಎಂದ ಅಡಿವೆಯ್ಯ, ಕೆನ್ನೆ ಅದುಮಿಕೊಂಡು. ಆಮೇಲೆ ಸ್ವಲ್ಪ ಯೋಚಿಸಿ, ‘ಗಾಡಿ ಅದೇನು ಹೋಗಾಕ?’ ಎಂದ.

ಸರ್ಕಾರಿ ದವಾಖಾನೆಯಲ್ಲಿ ಸಿಸ್ಟರ್ ಜೈಬುನ್ನೀಸಾ ಮೊದಲು ಮುದುಕನ ಕೆನ್ನೆಗೆ ಮೆತ್ತಿದ್ದ ವಿಭೂತಿಯನ್ನು ಸಾಬೂನು ನೀರಿನಲ್ಲಿ ತೊಳೆದರು. ಅಡಿವೆಯ್ಯ ಶಸ್ತ್ರ ಹಾಕಿಕೊಂಡಾಗ ಸುಮ್ಮನಿದ್ದವನು ಸಾಬೂನು ಹಚ್ಚಿದಾಗ ‘ಹಾ’ ಎಂದ. ಅವನ ಗಾಯಕ್ಕೆ ಬೇಕಾದದ್ದನ್ನು ಡಾಕ್ಟರನ್ನು ಕೇಳಿ ಕೊಟ್ಟು, ಸಿಸ್ಟರು ಮಹಾಂತಯ್ಯನ ತೋಳಿಗೆ ಎರಡನೆಯ ಸೂಜಿ ಹಾಕಿದರು. ಇಷ್ಟಕ್ಕೆ ಎಲ್ಲ ಮುಗಿಯಬೇಕಿತ್ತು.

ಆದರೆ ಅಷ್ಟರಲ್ಲಿ ಗೇಟಿನ ಬಳಿ ಗಿರಣಿಯ ಕಾರು, ಹಿಂದೆ ಬೀಗರ ಎರಡು ಜೀಪು, ಅದರ ಹಿಂದೆ ನೆಂಟರ ಟಂಟಂ ಆಟೋಗಳು ಬಂದು ನಿಂತವು. ಸೋದರಮಾವ ಯಾವುದೋ ಸೂಜಿ ಹಾಕಿಸಿಕೊಳ್ಳಲು ಹೋಗಿದ್ದಾನೆ ಎಂಬ ಸುದ್ದಿ ಚಪ್ಪರದಲ್ಲಿ ಬಾಯಿಂದ ಬಾಯಿಗೆ ಹೋಗಿ, ಆ ಸೂಜಿಯ ಬಲದ ಮೇಲೆಯೇ ಅವನು ಹತ್ತು ವರ್ಷ ಬದುಕಿದ್ದಾನೆ ಎಂದಾಗಿತ್ತು. ಬೆಳಿಗ್ಗೆ ಅವನು ಬಡಿಸಿದ ಉಪ್ಪಿಟ್ಟು ತಿಂದವರು, ಅವನು ಕೂತೆದ್ದ ಕುರ್ಚಿಯಲ್ಲಿ ಕೂತವರು, ಅವನಿಂದ ಸುಣ್ಣದ ಡಬ್ಬಿ ಇಸಿದುಕೊಂಡವರು, ಎಲ್ಲರೂ ಸಾಲಾಗಿ ಇಳಿದರು. ಮೊಡವೆ ಕಲೆಯವನು ಎಲ್ಲರಿಗಿಂತ ಮುಂದಿದ್ದ.

ಮಹಾಂತಯ್ಯ ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತು ನೋಡಿದ. ಅವನ ಬೆಂಚನ್ನು ಬಳಸಿಕೊಂಡು, ಚರಂಡಿ ದಾಟುವವರಂತೆ ದೂರದಿಂದ ಹಾದು, ಸಾಲು ಒಳಗೆ ಹೋಯಿತು.

‘ಅವನಿಗೆ ಹಾಕಿದ್ರೆಲ್ಲ, ಅದನ್ನ ಹಾಕ್ರಿ ನಮಗೂ’ ಎಂದ ಚೆನ್ನಬಸಯ್ಯ.

‘ಅದು ಟಿಟಿರೀ. ಧನುರ್ವಾಯುಗ ಹಾಕೋದು.’ ಸಿಸ್ಟರ್ ಕನ್ನಡಕದ ಮೇಲಿಂದ ಸಾಲನ್ನು ನೋಡಿದರು. ‘ನಿಮಗೇನು ಗಾಯ ಆಗ್ಯಾದ?’

‘ಗಾಯ ಇಲ್ರೀ. ಅವನ ಕೂಡ ಉಂಡೀವಿ.’

‘ಉಂಡ್ರ ಏನೂ ಬರಂಗಿಲ್ಲ. ಟಿಟಿ ಎಚ್‌ಐವಿಗೆ ಅಲ್ಲ.’

‘ಎದಕ್ಕ ಆದ್ರೂ ಇರಲಿ, ಹಾಕ್ಬಿಡ್ರಿ. ಮನ್ಯಾಗ ಮದುವಿ ಅದ.’

‘ಅಲ್ರೀ ಯಜಮಾನ್ರ, ನಾನು ಹೇಳೋದು...’

‘ಅವನಿಗೆ ಹಾಕಿದ ಬಾಟಲಿ ಅದೇನಿಲ್ಲೋ?’ ಅಮರಯ್ಯ ಸಾಲು ಮುರಿದು ಮುಂದೆ ಬಂದ. ‘ಅದರಾಗಿಂದನ ಹಾಕ್ರಿ. ಬ್ಯಾರೆದ್ದು ತರಬ್ಯಾಡ್ರಿ. ಅವನಿಗೆ ಪರಿಣಾಮ ಆದದ್ದು ಅದರಿಂದ.’

ಒಂದೇ ಕಡ್ಡಿ ಬೇಡವೆಂದು ಬೆಳಿಗ್ಗೆ ಓಡಿದವರು ಮಧ್ಯಾಹ್ನ ಒಂದೇ ಬಾಟಲಿಗೆ ಜಗಳವಾಡುತ್ತಿದ್ದರು. ಇವರ ಪೈಕಿ ಇಬ್ಬರು ಕಾಲೇಜು ಕಲಿತವರು, ಒಬ್ಬ ಪುರಸಭೆಗೆ ನಿಂತು ಗೆದ್ದವನು.

ಜೈಬುನ್ನೀಸಾ ಒಳಗೆ ಹೋಗಿ ಡಾಕ್ಟರ ಜೊತೆ ಮಾತಾಡಿ ಬಂದರು. ಬಂದವರೇ ಸಾಲಿನ ಗಂಡಸರನ್ನು, ಕಡೆಯ ಟಿಟಿ ಯಾವಾಗ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಹೆಚ್ಚಿನವರಿಗೆ ನೆನಪಿದ್ದದ್ದು ಶಾಲೆಯ ದಿನಗಳಲ್ಲಿ ಕಿಟಕಿಯಿಂದ ಹಾರಿ ಓಡಿಹೋದದ್ದು.

‘ಹಂಗಾದ್ರ ನಿಮಗ ಹಾಕೋದು ಹೆಂಗೂ ಅದ. ಆದ್ರ ಇದು ಎದಕ ಅಂತ ಹೇಳೀನಿ. ಆಮ್ಯಾಲ ಬಂದು ನನ್ನ ಕೇಳಬ್ಯಾಡ್ರಿ. ಅಂಗಿ ಮ್ಯಾಲ ಮಾಡ್ರಿ, ಎಡಗೈ.’

‘ಎಡಗೈ ಬ್ಯಾಡ’ ಎಂದ ಚೆನ್ನಬಸಯ್ಯ. ‘ಶುಭಕಾರ್ಯ ಅದ. ಬಲಗೈಗೆ ಹಾಕ್ರಿ.’

ಯಜಮಾನ ಬಲಗೈ ಚಾಚಿದ ಮೇಲೆ ಹಿಂದಿನವರೆಲ್ಲ ಬಲಗೈ ಚಾಚಿದರು. ಅಡಿವೆಯ್ಯ ಗೋಡೆಗೆ ಒರಗಿ, ಊದಿದ ಕೆನ್ನೆಯಲ್ಲಿ ನಗಲಾಗದೆ ಕಣ್ಣಲ್ಲೇ ನಗುತ್ತಿದ್ದ.

ಸಂಜೆ ಸೂಗಮ್ಮ ಗಿರಣಿಯ ಹಿಂದಿನ ತೌಡಿನ ಕೋಣೆಗೆ ಬಂದಳು. ಮಹಾಂತಯ್ಯನ ಚೀಲವನ್ನು ಯಾರೋ ಅಲ್ಲಿಗೆ ತಂದು ಇಟ್ಟಿದ್ದರು, ಕೈಯಿಂದಲ್ಲ, ಬಹುಶಃ ಕೋಲಿನಿಂದ. ಅವಳು ಬಾಗಿಲಲ್ಲೇ ನಿಂತು ಅತ್ತಳು.

‘ಬೀಗರು ನೀನು ಚಪ್ಪರದಾಗ ಕೂಡಬಾರದು ಅನ್ನಾಕತ್ತಾರ. ರಾಯಚೂರು ಬಸ್ಸು ಇನ್ನೂ ಅದಾವ, ಹೋಗಿಬಿಡು. ನನ್ನ ಮಗಳ ಬಾಳ್ವಿ ಅದು.’

‘ಮದುವಿ ಮುರೀತೀನಿ ಅಂದಾರೇನು?’

‘ಹಂಗ ಅಂದಿಲ್ಲ.’

‘ಅನ್ನಂಗಿಲ್ಲ. ಕಾರು ಕೊಟ್ಟೀರಲ್ಲ, ಅದನ್ನ ತಿರುಗಿ ಕೊಡ್ಬೇಕಾಗ್ತದ. ನಾನು ಹೋಗಂಗಿಲ್ಲ ಯಕ್ಕಾ. ಇಷ್ಟು ವರ್ಷ ನೆವ ಹೇಳಿ ಹೇಳಿ ನಿಮ್ಮನ್ನ ಕಾಪಾಡೀನಿ. ನಾಳಿ ಸೋದರಮಾವ ಅಂತ ಮುಂದ ಕೂಡ್ತೀನಿ. ಎಬ್ಬಸೋ ಗಂಡಸು ಇದ್ರ ಬಂದು ರಟ್ಟಿ ಹಿಡಿದು ಎಬ್ಬಸ್ಲಿ ಅಂತ ಹೇಳು. ರಟ್ಟಿ ಮುಟ್ಟಬೇಕಾಗ್ತದ ಅಂತನೂ ಹೇಳು.’

ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಬಸವಲಿಂಗ ಊಟದ ತಾಟು ತಂದ. ಕೋಣೆಯೊಳಗೆ ಬಂದು, ಮಾವನ ಎದುರು ತೌಡಿನ ಮೂಟೆಯ ಮೇಲೆ ಕೂತ. ‘ಮಾಮಾ, ನಾನೂ ಹಾಕಿಸ್ಕೊಂಡೆ ಟಿಟಿ’ ಎಂದ, ಬಲಗೈ ತಿಕ್ಕಿಕೊಳ್ಳುತ್ತಾ. ‘ಉಣ್ಣು ಸುಮ್ನ, ಇಲ್ಲಾ ನಾನು ಉಣ್ಣೋದು ನೋಡು’ ಎಂದ ಮಹಾಂತಯ್ಯ. ಹುಡುಗ ಅದೇ ತಾಟಿನಿಂದ ಒಂದು ಭಜಿ ತೆಗೆದುಕೊಂಡ. ಮಹಾಂತಯ್ಯ ತಾಟನ್ನು ಅವನ ಕಡೆ ಸರಿಸಿದ.

ಮರುದಿನ ಯಾರೂ ಬಂದು ರಟ್ಟೆ ಹಿಡಿಯಲಿಲ್ಲ. ಮಹಾಂತಯ್ಯ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತ. ಎಡಕ್ಕೆ ಐದಾರು, ಬಲಕ್ಕೆ ಐದಾರು, ಹಿಂದೆ ಇಡೀ ಒಂದು ಸಾಲು ಖಾಲಿಯಾದವು. ಜಾಗ ಸಾಲದೆ ನೂರಾರು ಜನ ಬಿಸಿಲಲ್ಲಿ ನಿಂತಿದ್ದರು, ಆ ಕುರ್ಚಿಗಳಿಗೆ ಮಾತ್ರ ಯಾರೂ ಬರಲಿಲ್ಲ. ಅವನು ಪಕ್ಕದ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಅದರ ಮೇಲೆ ಕಾಲು ಚಾಚಿದ. ಇಷ್ಟು ಆರಾಮವಾಗಿ ಅವನು ಯಾವ ಮದುವೆಯನ್ನೂ ನೋಡಿರಲಿಲ್ಲ.

ಮಂಗಳವಾದ್ಯ ಜೋರಾಯಿತು. ತಾಳಿ ಕಟ್ಟುವಾಗ ಅಕ್ಷತೆ ಹಾಕಲು ಎಲ್ಲರೂ ಕೈ ಎತ್ತಿದರು. ಚೆನ್ನಬಸಯ್ಯನ ಬಲಗೈ ಭುಜದವರೆಗೆ ಬಂದು ಅಲ್ಲೇ ನಿಂತಿತು, ಅವನು ಹಲ್ಲು ಕಚ್ಚಿದ. ಅಮರಯ್ಯನ ಅಕ್ಷತೆ ಅವನದೇ ಪಾದದ ಮೇಲೆ ಬಿತ್ತು. ದೊಡ್ಡಪ್ಪ, ಕಾಕಾಗಳು, ಮೊಡವೆ ಕಲೆಯವನು, ಎಲ್ಲರ ತೋಳೂ ಊದಿ ಬಿಗಿದಿತ್ತು. ಮದುಮಕ್ಕಳ ತಲೆ ತಲುಪಿದ ಕಾಳು ಬಹಳ ಕಡಿಮೆ.

ವಿಜಯಶ್ರೀ ಗಂಡನನ್ನು ಕರೆದುಕೊಂಡು ಹಿರಿಯರಿಗೆ ನಮಸ್ಕಾರ ಮಾಡುತ್ತಾ ಬಂದಳು. ಮೊದಲ ಸಾಲಿನ ಹತ್ತಿರ ಬಂದಾಗ ಅಮರಯ್ಯ ದೂರದಿಂದ ಏನೋ ಸನ್ನೆ ಮಾಡಿದ. ಅವಳು ನೋಡಿದಳೋ ಇಲ್ಲವೋ, ನೇರ ಬಂದು ಬಗ್ಗಿ ಎರಡೂ ಕೈಯಿಂದ ಸೋದರಮಾವನ ಪಾದ ಹಿಡಿದಳು. ಮಹಾಂತಯ್ಯ ಕಾಲು ಕೆಳಗಿಟ್ಟು ನೆಟ್ಟಗೆ ಕೂತು, ಅವಳ ನೆತ್ತಿಯ ಮೇಲೆ ಕೈ ಇಟ್ಟ. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡ.

ಮದುಮಗ ತಂದೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಬಗ್ಗಿದ. ಅವನ ಕೈ ಮಹಾಂತಯ್ಯನ ಪಾದಕ್ಕೆ ಒಂದು ಗೇಣು ಉಳಿದಿರುವಾಗಲೇ ಗಾಳಿಯಲ್ಲಿ ನಿಂತಿತು.

ಮಹಾಂತಯ್ಯನೂ ಅವನ ತಲೆಗೆ ಒಂದು ಗೇಣು ಬಿಟ್ಟು, ಗಾಳಿಯಲ್ಲೇ ಕೈ ಹಿಡಿದು ಹರಸಿದ.

‘ಸುಖವಾಗಿರ್ರಿ’ ಎಂದ.